ಮೇಷ್ಟ್ರ ಗಿಟಾರಿಗೆ ಎಣ್ಣೆ ಹಚ್ಚಿದ್ದು

ವೀಣೆ ರಿಪೇರಿಯವನ ಹೆಂಡತಿಗೆ ಬೇರೆ ಯಾವುದಕ್ಕೆ ಬರ ಬಂದರೂ ನಗುವಿಗೆ ಬರ ಬರುವುದಿಲ್ಲ. ನಾವಾಗಿ ಯಾವ ಗೋಜಿಗೂ ಹೋದವರಲ್ಲ. ಆದರೆ ಯಾರಾದರೊಬ್ಬರು ಮುರಿದದ್ದನ್ನೋ ಬಿರುಕು ಬಿಟ್ಟದ್ದನ್ನೋ ಬಗಲಲ್ಲಿ ಇಟ್ಟುಕೊಂಡು ನಮ್ಮ ಜಗಲಿ ಹತ್ತುತ್ತಿದ್ದರು, ಅವರ ಹಿಂದೆಯೇ ಒಂದು ಫಜೀತಿಯೂ ಹತ್ತುತ್ತಿತ್ತು.

ಸ್ವಾತಂತ್ರ್ಯ ಬಂದು ಏಳೆಂಟು ವರ್ಷವಾಗಿದ್ದ ಕಾಲ. ವಿದ್ಯಾರಣ್ಯಪುರದ ಒಂದು ಹೆಂಚಿನ ಮನೆಯಲ್ಲಿದ್ದೆವು. ನಮ್ಮ ಯಜಮಾನರದು ಚಿನ್ನದಂಥ ಕೈ, ಆದರೆ ಹೇಳಿದ್ದನ್ನು ಹೇಳಿದ ಹಾಗೇ ಮಾಡಿಬಿಡುವ ಸ್ವಭಾವ. ನಾನು ಇಲವಾಲದ ಒಕ್ಕಲು ಮನೆಯಿಂದ ಬಂದವಳು. ಮದುವೆಯಾದ ಹೊಸದರಲ್ಲಿ ನನಗೆ ವೀಣೆಯೂ ಒಂದೇ, ಒನಕೆಯೂ ಒಂದೇ. ಆ ಒಂದು ವರ್ಷ ಒಂದೇ ಒಂದು ಗಿಟಾರು ನಮ್ಮನ್ನೆಲ್ಲ ಹೇಗೆ ಕುಣಿಸಿತು ಅಂತ ಹೇಳ್ತೀನಿ, ಕೇಳಿ.

ಬುರುಡೆ ಇಲ್ಲದ ವೀಣೆ

ಒಂದು ಭಾನುವಾರ ಬೆಳಿಗ್ಗೆ ಹೈಸ್ಕೂಲಿನ ಲೆಕ್ಕದ ಮೇಷ್ಟ್ರು ಹಳೇ ಪಂಚೆಯಲ್ಲಿ ಏನನ್ನೋ ಸುತ್ತಿಕೊಂಡು ಬಂದರು. ನಮ್ಮಿಂದ ನಾಲ್ಕು ಮನೆ ಆಚೆ ತಂದೆ ತಾಯಿ ಜೊತೆ ಇದ್ದವರು. ತಂದೆ ಸುಮ್ಮನೆ ಇರೋರು. ಆ ಮನೆಯಲ್ಲಿ ಮಾತಾಡುವ ಇಲಾಖೆ ಪೂರ್ತಿ ತಾಯಿಯವರದು. ಮೇಷ್ಟ್ರಿಗೆ ಮೂವತ್ತಮೂರಾಗಿದ್ದರೂ ಮದುವೆಯಾಗಿರಲಿಲ್ಲ.

ಪಂಚೆ ಬಿಚ್ಚಿದರೆ ಗಿಟಾರು! ಯಾರೋ ಇಂಗ್ಲಿಷ್ ದೊರೆ ಊರು ಬಿಟ್ಟು ಹೋಗುವಾಗ ಮನೆ ಸಾಮಾನೆಲ್ಲ ಮಾರಿದ್ದರಂತೆ. ಕುರ್ಚಿ ಕೊಳ್ಳೋಕೆ ಹೋದ ಮೇಷ್ಟ್ರು ಇದನ್ನು ಕೊಂಡು ತಂದಿದ್ದರು. ತಾವೇ ಪುಸ್ತಕ ನೋಡಿಕೊಂಡು ಎರಡು ವರ್ಷದಿಂದ ನುಡಿಸುತ್ತಿದ್ದರು. ನಮ್ಮ ಯಜಮಾನರು ಅಂಥದ್ದನ್ನು ಮುಟ್ಟಿ ನೋಡಿದ್ದು ಅದೇ ಮೊದಲು. ಹಿಂದೆ ಮುಂದೆ ತಿರುಗಿಸಿ, "ವೀಣೆಗಿರೋ ಹಾಗೆ ಸೋರೆ ಬುರುಡೆ ಎಲ್ಲಿ ಮೇಷ್ಟ್ರೇ?" ಅಂದರು.

"ಇದಕ್ಕೆ ಬುರುಡೆ ಇರಲ್ಲ."

"ಮೆಟ್ಟಿಲು ಕೂರಿಸೋ ಮೇಣ?"

"ಅದೂ ಇಲ್ಲ."

"ಮತ್ತೆ ಇದರಲ್ಲಿ ಕೆಡೋಕೆ ಏನಿದೆ?"

ಕೆಟ್ಟಿದ್ದು ಕತ್ತು. ಎಡಗೈ ಹೆಬ್ಬೆರಳು ಓಡಾಡಬೇಕಾದ ಆ ಹಿಂಭಾಗಕ್ಕೆ ಯಾರೋ ಪುಣ್ಯಾತ್ಮರು ದಪ್ಪಗೆ ವಾರ್ನಿಷ್ ಬಳಿದಿದ್ದರು. ಮೇಷ್ಟ್ರ ಕೈ ಮೊದಲೇ ಬೆವರುವ ಕೈ. ಬೆವರು ತಾಗಿದರೆ ಸಾಕು, ಹಲಸಿನ ಹಣ್ಣಿನ ಮೇಣ ಹಿಡಿದ ಹಾಗೆ ಬೆರಳು ಕಚ್ಚಿಕೊಳ್ಳುತ್ತಿತ್ತು. "ಕೈ ಒಣಗಲಿ ಅಂತ ವಿಭೂತಿ ಹಚ್ಚಿಕೊಂಡು ನುಡಿಸಿ ನೋಡಿದೆ" ಅಂದರು. ನಿಜವೇ, ಕತ್ತಿನ ಹಿಂದೆ ಬೆಳ್ಳಗೆ ಮೂರು ಪಟ್ಟೆ ಎದ್ದು ನಿಂತಿತ್ತು.

"ಅಷ್ಟೊಂದು ಪಾಡು ಯಾಕೆ ಪಡ್ತೀರಿ, ಒಂದು ತಂಬೂರಿ ತಗೊಂಡು ಬಾರಿಸಿ" ಅಂದೆ. ಮೇಷ್ಟ್ರ ಮುಖ ಕೆಂಪಾಯಿತು. ಆಮೇಲೆ ವಿಷಯ ಹೊರಗೆ ಬಂತು. ಅಗ್ರಹಾರದ ಕಡೆ ಒಂದು ಸಂಬಂಧ ಬಂದಿತ್ತು. ಹುಡುಗಿ ಮಿಡ್ಲ್ ಸ್ಕೂಲಿನಲ್ಲಿ ಟೀಚರು, ತಾತ ಅಜ್ಜಿ ಸಾಕಿದವಳು. ಮುಂಚೆ ಮೂರು ಕಡೆಯವರು ಬಂದು, ಉಪ್ಪಿಟ್ಟು ತಿಂದು, ಅವಳ ಕೈಲಿ ಹಾಡಿಸಿ, ಕಾಗದ ಬರೀತೀವಿ ಅಂತ ಹೋದವರು ಹೋಗೇಬಿಟ್ಟಿದ್ದರು. ಅವಳಿಗೂ ರೇಗಿ ಹೋಗಿತ್ತು. "ಇನ್ಮೇಲೆ ಬರೋ ಹುಡುಗ ಮೊದಲು ಹಾಡಲಿ, ಇಲ್ಲ ಏನಾದರೂ ನುಡಿಸಲಿ. ನನಗೆ ಒಪ್ಪಿಗೆ ಆದರೆ ಆಮೇಲೆ ನಾನು ಹಾಡ್ತೀನಿ" ಅಂತ ಹೇಳಿ ಕಳಿಸಿದ್ದಳು. ದಸರಾ ಮುಗಿದ ಮೇಲೆ ಹೋಗುವುದು ಅಂತ ಆಗಿತ್ತು.

"ಲೈಬ್ರರಿಯಲ್ಲಿ ನಾಲ್ಕೈದು ಸಲ ನೋಡಿದೀನಿ ಅಕ್ಕ. ಮಾತಾಡಿಲ್ಲ. ಅವರು ಬೇಡ ಅಂದರೆ ನನಗೆ ಇನ್ನು ಯಾವ ಸಂಬಂಧವೂ ಬೇಡ" ಅಂದರು ಮೇಷ್ಟ್ರು. ಇದ್ದದ್ದನ್ನು ಇದ್ದ ಹಾಗೆ ಹೇಳುವ ಗಂಡಸನ್ನು ಕಂಡರೆ ನನಗೆ ಪ್ರೀತಿ. ಕಣ್ಣಲ್ಲಿ ನೀರೇ ಬಂತು ಕಣ್ರೀ.

ನಮ್ಮ ಯಜಮಾನರೂ ಕರಗಿಹೋದರು. ಮೇಷ್ಟ್ರ ಬೆನ್ನು ತಟ್ಟಿ ಅಂದರು: "ಚಿಂತೆ ಬುಡಿ ಮೇಷ್ಟ್ರೇ. ನಿಮ್ಮ ಮದುವೆ ಆಗೋದು ನನ್ನ ಜವಾಬ್ದಾರಿ. ಆದರೆ ಮೊದಲು ಇದೊಂದು ಹೇಳ್ಬುಡಿ. ಇದನ್ನ ಯಾವ ಕಡೆಯಿಂದ ಹಿಡ್ಕೊಳ್ಳೋದು?"

ಹಂಚಿನ ಪಾಠ

ಗಾಜಿನ ಚೂರಿನಲ್ಲಿ ವಾರ್ನಿಷ್ ಕೆರೆದು, ಉಪ್ಪುಕಾಗದದಲ್ಲಿ ತಿಕ್ಕಿದ ಮೇಲೆ ಒಳಗಿನ ಮರ ಎಷ್ಟು ಚೆನ್ನಾಗಿ ಬಂತು ಅಂತೀರಿ! ಎಳೇ ಮಗುವಿನ ಕೆನ್ನೆ. ಯಜಮಾನರು ಅದರ ಮೇಲೆ ವೀಣೆಗೆ ಕೊಡುವ ಅರಗಿನ ಪಾಲಿಶ್ ಕೊಡೋಕೆ ಹೊರಟರು. ಮೇಷ್ಟ್ರು ಹೌಹಾರಿ, "ಬೇಡ ಬೇಡ, ಮತ್ತೆ ಅಂಟುತ್ತೆ. ಮರಕ್ಕೆ ಬರೀ ಎಣ್ಣೆ ಕುಡಿಸಬೇಕಂತೆ" ಅಂತ ಒಂದು ಸೀಸೆ ಅಗಸೆ ಎಣ್ಣೆ ತಂದುಕೊಟ್ಟರು. ಅವರ ಸ್ಕೂಲಿನಲ್ಲಿ ಕ್ರಿಕೆಟ್ ಬ್ಯಾಟಿಗೆ ಹಚ್ಚುವ ಎಣ್ಣೆ.

ಎಣ್ಣೆ ಕುಡಿಸಿ ಅಂದರೆ ನಮ್ಮವರು ಕುಡಿಸಿಯೇಬಿಟ್ಟರು. ಅರ್ಧ ಸೀಸೆ! ನಾಲ್ಕು ದಿನ ಆದರೂ ಒಣಗಲಿಲ್ಲ, ಬೆಲ್ಲದ ಪಾಕದ ಹಾಗೆ ಗಟ್ಟಿ ಅಂಟು ಕಟ್ಟಿತು. ಮತ್ತೆ ಕೆರೆದದ್ದಾಯಿತು. ನನಗೆ ತಡೆಯಲಿಲ್ಲ.

"ಅಲ್ಲ ಕಣ್ರೀ, ದಿನಾ ದೋಸೆ ತಿಂತೀರಲ್ಲ, ಹಂಚಿಗೆ ಎಣ್ಣೆ ಹಚ್ಚೋದು ಒಂದು ದಿನವಾದರೂ ನೋಡಿದೀರಾ? ನಾಲ್ಕು ತೊಟ್ಟು ಹಾಕಿ, ಚೆನ್ನಾಗಿ ಉಜ್ಜಿ, ಮಿಕ್ಕಿದ್ದನ್ನ ಒರೆಸಿಬಿಡಬೇಕು. ನಾಳೆ ಇನ್ನೊಂದು ಸಲ. ನಾಡಿದ್ದು ಮತ್ತೊಂದು ಸಲ. ಹಂಚು ಪಳಗೋದು ಹಾಗೆ, ಮರ ಪಳಗೋದೂ ಹಾಗೇ. ನಾನು ಹಂಚಿಗೆ ಹಚ್ಚೋ ಹಾಗೇ ಹಚ್ಚಿ, ಅಷ್ಟು ಸಾಕು."

ಒಂದು ವಾರ ಹಾಗೇ ಮಾಡಿದರು. ಕತ್ತು ತಿಳಿಯಾಗಿ ಹೊಳೆಯಿತು, ಕೈ ಸರಾಗ ಓಡಿತು. ಮೇಷ್ಟ್ರು ಖುಷಿಯಾಗಿ ಎತ್ತಿಕೊಂಡು ಹೋದರು. ನಾನೂ ಶಭಾಷ್ ಅಂದೆ. ಈ ವಾರ ಈರುಳ್ಳಿ ಯಾಕೋ ಬೇಗ ಖಾಲಿಯಾಯಿತಲ್ಲ ಅಂತ ಮಾತ್ರ ಒಂದು ಅನುಮಾನ ಇತ್ತು.

ಸಂಜೆ ಹೊತ್ತಿಗೆ ಮೇಷ್ಟ್ರು ಗಿಟಾರಿನ ಸಮೇತ ನಮ್ಮ ಬಾಗಿಲಲ್ಲಿ ನಿಂತಿದ್ದರು. "ಅಮ್ಮ ಒಳಗೆ ಸೇರಿಸ್ತಿಲ್ಲ." ಅವರ ಮನೆಯಲ್ಲಿ ಈರುಳ್ಳಿ ಬೆಳ್ಳುಳ್ಳಿ ಹೊಸಿಲು ದಾಟುವ ಹಾಗಿಲ್ಲ. ಅವತ್ತು ಏಕಾದಶಿ ಬೇರೆ. ನಾನು ಕತ್ತು ಮೂಸಿ ನೋಡಿದೆ. ರಾಮ ರಾಮಾ! ಯಜಮಾನರ ಕಡೆ ತಿರುಗಿ, "ಎಣ್ಣೆ ಯಾವುದರಲ್ಲಿ ಉಜ್ಜಿದಿರಿ?" ಅಂದೆ.

"ನೀನೇ ಹೇಳಿದೆಯಲ್ಲ, ಹಂಚಿಗೆ ಹಚ್ಚೋ ಹಾಗೆ ಅಂತ. ಈರುಳ್ಳಿ ಅರ್ಧ ಹೆಚ್ಚಿ, ಕಡ್ಡಿಗೆ ಚುಚ್ಚಿ, ಎಣ್ಣೆಗೆ ಅದ್ದಿ ಉಜ್ಜಿದೆ. ದಿನಾ ಹೊಸ ಈರುಳ್ಳಿ" ಅಂದರು. ಆ ಕೊನೇ ಮಾತಿನಲ್ಲಿ ಹೆಮ್ಮೆ ಬೇರೆ.

ಅಷ್ಟರಲ್ಲಿ ಮೇಷ್ಟ್ರ ತಾಯಿಯವರೇ ಬಂದು ಗೇಟಿನ ಹತ್ತಿರ ನಿಂತು, ಬೀದಿಗೆಲ್ಲ ಕೇಳುವ ಹಾಗೆ ಅಂದರು: "ಮೂವತ್ತಮೂರು ವರ್ಷ ಸಾಕಿದೀನಿ, ನನ್ನ ಮಗ ಒಂದು ದಿನ ಈರುಳ್ಳಿ ಮುಟ್ಟಿಲ್ಲ. ನಿಮ್ಮ ಮನೇಲಿ ಒಂದು ವಾರ ಇದ್ದು ಬಂತು, ಅವನ ಗಿಟಾರು ತಿಂದ್ಕೊಂಡು ಬಂದಿದೆ!"

ಹೊಗೆ

ಅವತ್ತಿನಿಂದ ಎಣ್ಣೆಯ ಕೆಲಸ ನನ್ನ ಪಾಲಿಗೆ ಬಂತು. ಟರ್ಪೆಂಟೈನಿನಲ್ಲಿ ಒರೆಸಿ ಈರುಳ್ಳಿ ಬಿಡಿಸಿದೆ. ಆಮೇಲೆ ಮಧ್ಯಾಹ್ನದ ಕೆಲಸವೆಲ್ಲ ಮುಗಿಸಿ, ನಾಲ್ಕು ತೊಟ್ಟು ಎಣ್ಣೆ ಅಂಗೈಗೆ ಹಾಕಿಕೊಂಡು, ಮರ ಬೆಚ್ಚಗಾಗುವ ತನಕ ಉಜ್ಜುತ್ತಿದ್ದೆ. ಸ್ವಲ್ಪ ಹೊತ್ತು ಬಿಟ್ಟು ಹಳೇ ಸೀರೆ ಚೂರಿನಲ್ಲಿ ಒರೆಸುತ್ತಿದ್ದೆ. ಒರೆಸಿದ ಬಟ್ಟೆಯನ್ನು ಜಗಲಿ ಮೂಲೆಯ ಕುಕ್ಕೆಗೆ ತುರುಕುತ್ತಿದ್ದೆ.

ಒಂದು ದಿನ ಜಗಲಿಯಿಂದ ಹೊಗೆ ವಾಸನೆ. ನಮ್ಮವರು ಆಷಾಢ ಶುಕ್ರವಾರ ಚಾಮುಂಡಿ ಬೆಟ್ಟ ಹತ್ತಿ, ದೇವಿ ಎದುರಿಗೆ ಬೀಡಿ ಬಿಡ್ತೀನಿ ಅಂತ ಹರಕೆ ಹೊತ್ತವರು. "ಬೀಡಿ ಸೇದಿದಿರಾ?" ಅಂದೆ. "ಇಲ್ಲ" ಅಂದರು. "ಚಾಮುಂಡಿ ಮೇಲೆ ಆಣೆ ಇಡಿ." ಇಟ್ಟರು. "ನಿಮ್ಮಪ್ಪನ ಮೇಲೆ?" ಅದನ್ನೂ ಇಟ್ಟರು. ಸುಳ್ಳಾಣೆ ಬೇರೆ ಇಡ್ತಾರಲ್ಲ ಅಂತ ನನಗೆ ಇನ್ನೂ ಕೋಪ ಬಂತು. ಒಂದೂವರೆ ದಿನ ಮಾತು ಬಿಟ್ಟೆ. ಸಾರಿಗೆ ಒಗ್ಗರಣೆ ಹಾಕದೆ ಬಡಿಸಿದೆ. ಪಾಪ, ಅದನ್ನೇ ಉಂಡರು.

ಮಾರನೇ ದಿನ ಅವರು ತಂತಿ ತರೋಕೆ ಮಾರ್ಕೆಟ್ಟಿಗೆ ಹೋಗಿದ್ದಾರೆ, ಮನೆಯಲ್ಲಿ ನಾನೊಬ್ಬಳೇ, ಮತ್ತೆ ಅದೇ ವಾಸನೆ! ಬಂದು ನೋಡಿದರೆ ಕುಕ್ಕೆಯೊಳಗಿಂದ ಹೊಗೆ ಏಳ್ತಾ ಇದೆ. ಒಂದು ಬಿಂದಿಗೆ ನೀರು ಸುರಿದೆ. ಬಟ್ಟೆ ಎತ್ತಿದರೆ ಒಳಗೆ ಕೆಂಡದ ಹಾಗೆ ಬಿಸಿ. ಮೇಷ್ಟ್ರನ್ನು ಕೂಗಿ ಕೇಳಿದಾಗ, "ಅಗಸೆ ಎಣ್ಣೆ ಒಣಗುವಾಗ ಕಾವು ಹುಟ್ಟುತ್ತೆ ಅಕ್ಕ. ಬಟ್ಟೆ ಮುದ್ದೆ ಮಾಡಿ ತುರುಕಿದರೆ ಆ ಕಾವು ಹೊರಗೆ ಹೋಗೋಕೆ ದಾರಿಯಿಲ್ಲದೆ ತಾನೇ ಹೊತ್ತಿಕೊಳ್ಳುತ್ತೆ. ಬಿಡಿಸಿ ಹರಡಬೇಕು" ಅಂದರು. ಮನೆ ಸುಟ್ಟುಹೋಗದೆ ಉಳಿದದ್ದು ನಮ್ಮ ಪುಣ್ಯ. ಯಜಮಾನರಿಗೆ ಕೇಸರಿಬಾತು ಮಾಡಿ, ತಪ್ಪಾಯ್ತು ಕಣ್ರೀ ಅಂದೆ. ಅವರು ದೊಡ್ಡ ಮನಸ್ಸು ಮಾಡಿ ಎರಡು ಸಲ ಹಾಕಿಸಿಕೊಂಡರು. ಆಮೇಲೆ ಎಣ್ಣೆ ಬಟ್ಟೆಯನ್ನೆಲ್ಲ ಹಿತ್ತಲ ತಂತಿಯ ಮೇಲೆ ಒಂದೊಂದಾಗಿ ಹರಡುವ ಪದ್ಧತಿ ಮಾಡಿಕೊಂಡೆ.

ವಾರ ಕಳೆದಿರಲಿಲ್ಲ, ಜಗಲಿಯಲ್ಲಿ ಮತ್ತೆ ಹೊಗೆ ವಾಸನೆ. ಓಡಿಬಂದು, "ಏನ್ರೀ ಅದು?" ಅಂದೆ. "ಬಟ್ಟೆ ಕಣೇ, ಬಟ್ಟೆ" ಅಂದರು. ಬಟ್ಟೆಯೆಲ್ಲ ಹಿತ್ತಲಲ್ಲಿತ್ತು. ಹೊಗೆ ಅವರ ಮೂಗಿನಿಂದ ಬರ್ತಾ ಇತ್ತು.

ಬೊಟ್ಟು

ಇದು ಚಿಕ್ಕದು. ಗಿಟಾರು ಮೇಷ್ಟ್ರ ಮನೆಗೆ ಹೋಯಿತು. ತಿಂಗಳಿಗೊಂದು ಸಲ ನಾಲ್ಕೇ ತೊಟ್ಟು, ಉಜ್ಜಿ ಒರೆಸಿ ಒಂದು ದಿನ ಮುಟ್ಟದೆ ಇಡಿ ಅಂತ ಹೇಳಿ ಕಳಿಸಿದ್ದೆ. ಲೆಕ್ಕದ ಮೇಷ್ಟ್ರಲ್ಲವೇ, ಇಂಕ್ ಫಿಲ್ಲರಿನಲ್ಲಿ ತೊಟ್ಟು ಎಣಿಸಿ ಹಾಕುತ್ತಿದ್ದರು. ಆಯುಧಪೂಜೆಯ ಹಿಂದಿನ ದಿನ ಹಾಗೆ ಹಚ್ಚಿ, ಗೋಡೆಗೆ ಮುಖ ಮಾಡಿ ಒರಗಿಸಿಟ್ಟಿದ್ದಾರೆ. ಬೆಳಿಗ್ಗೆ ತಾಯಿಯವರು ಈಳಿಗೆಮಣೆ, ಸೈಕಲ್ಲು, ಒನಕೆ ಎಲ್ಲಕ್ಕೂ ಪೂಜೆ ಮಾಡುತ್ತಾ ಬಂದು, ಗಿಟಾರಿನ ಕತ್ತಿನ ಹಿಂದೆಯೂ ಸಾಲಾಗಿ ಮೂರು ಕುಂಕುಮದ ಬೊಟ್ಟು ಇಟ್ಟುಬಿಟ್ಟರು. ಹಸಿ ಎಣ್ಣೆ, ಮರ ಕುಂಕುಮವನ್ನೂ ಕುಡಿದುಬಿಟ್ಟಿತು.

ಮೇಷ್ಟ್ರು ಓಡಿಬಂದರು. ನಾನು ಏನು ತಿಕ್ಕಿದರೂ ಕೆಂಪು ಹೋಗಿ ಇಟ್ಟಿಗೆ ಬಣ್ಣವಾಯಿತೇ ಹೊರತು ಅಳಿಯಲಿಲ್ಲ. ನಮ್ಮ ಯಜಮಾನರು ಕನ್ನಡಕ ಏರಿಸಿ ನೋಡಿ, "ಎಲ್ಲಿ, ನುಡಿಸಿ ಮೇಷ್ಟ್ರೇ" ಅಂದರು. ನುಡಿಸಿದರೆ, ಹೆಬ್ಬೆರಳು ಸರಿಯಾಗಿ ಆ ಬೊಟ್ಟುಗಳ ಮೇಲೇ ಹೋಗಿ ಹೋಗಿ ನಿಲ್ಲುತ್ತೆ! ಅಲ್ಲಿಯ ತನಕ ಎಲ್ಲಿಡಬೇಕು ಅಂತ ತಡಕಾಡುತ್ತಿದ್ದ ಕೈಗೆ ಕುಂಕುಮದ ತರಿಯೇ ಗುರುತಾಗಿ ಸಿಕ್ಕಿತ್ತು. ಮೇಷ್ಟ್ರ ತಾಯಿಗೆ ಈ ಸುದ್ದಿ ತಿಳಿದ ಮೇಲೆ ಕೇಳಬೇಕೆ? ಬೀದಿಯ ಹೆಂಗಸರಿಗೆಲ್ಲ ಹೇಳಿದರು: "ಊರಿಗೆಲ್ಲ ಲೆಕ್ಕ ಅವನು ಹೇಳ್ಕೊಡ್ತಾನೆ. ಅವನಿಗೆ ಸಂಗೀತ ನಾನು ಹೇಳ್ಕೊಟ್ಟೆ."

ಹೆಣ್ಣು ನೋಡೋಕೆ ಹೋದದ್ದು

ಆ ದಿನ ಬಂದೇಬಂತು. ನಾಲ್ಕು ಗಂಟೆಗೆ ಅಗ್ರಹಾರದಲ್ಲಿರಬೇಕು. "ನೀವಿಬ್ಬರೂ ಬರಲೇಬೇಕು, ಗಿಟಾರಿಗೆ ಏನಾದರೂ ಆದರೆ ನನ್ನ ಕೈಕಾಲು ಆಡಲ್ಲ" ಅಂತ ಮೇಷ್ಟ್ರು ಕೇಳಿಕೊಂಡಿದ್ದರು. ನಾನು ರೇಷ್ಮೆ ಸೀರೆ ತೆಗೆದು ಕೊಡವುತ್ತಿದ್ದೆ. ಮಧ್ಯಾಹ್ನ ಎರಡರ ಹೊತ್ತಿಗೆ ಒದ್ದೆ ಕೂದಲಿನ ಮೇಷ್ಟ್ರು ಗಿಟಾರನ್ನು ಹಸುಗೂಸಿನ ಹಾಗೆ ಎರಡು ಕೈಯಲ್ಲಿ ಹಿಡಿದು ನುಗ್ಗಿದರು. "ಅಕ್ಕಾ... ಅಮ್ಮ..." ಅಂತಾರೆ, ಅಷ್ಟೆ. ಗಿಟಾರಿನ ತಲೆಯಿಂದ ನೀರು ತೊಟ್ಟಿಕ್ಕುತ್ತಿತ್ತು.

ಹಿಂದೆಯೇ ತಾಯಿಯವರು ಬಂದರು. "ಏನಮ್ಮ ಅವನದು ಇಷ್ಟು ಗಾಬರಿ? ಶುಭಕಾರ್ಯಕ್ಕೆ ಹೊರಟೋರು ಎಣ್ಣೆ ನೀರು ಹಾಕ್ಕೊಳ್ಳದೆ ಹೋಗ್ತಾರಾ? ಅವನಿಗೆ ಹಾಕಿದೆ. ಇದೂ ಜೊತೆಗೆ ಬರ್ತಿದೆಯಲ್ಲ, ಇದಕ್ಕೂ ಹಾಕಿದೆ."

"ಅಯ್ಯೋ, ಹೊಟ್ಟೆಯೊಳಗೆ ನೀರು ಹೋಗುತ್ತಲ್ಲ ಅಮ್ಮಾವ್ರೇ!"

"ಅಷ್ಟೂ ತಿಳಿಯಲ್ವಾ ನನಗೆ? ಎಂಟು ಮಕ್ಕಳಿಗೆ ನೀರು ಹಾಕಿದೋಳು ನಾನು. ಹೊಟ್ಟೆಗೆ ದಪ್ಪ ಟವೆಲ್ಲು ಸುತ್ತಿದೀನಿ. ತಲೆಗೆ, ಕತ್ತಿಗೆ ಮಾತ್ರ ಹರಳೆಣ್ಣೆ ಬೆಚ್ಚಗೆ ಮಾಡಿ ಹಚ್ಚಿ, ನೆನೆಯೋಕೆ ಬಿಟ್ಟು, ಸೀಗೆಪುಡಿಯಲ್ಲಿ ತಿಕ್ಕಿದೀನಿ. ಸಾಂಬ್ರಾಣಿ ಹಾಕೋಣ ಅಂತಿದ್ದೆ, ಅಷ್ಟರಲ್ಲಿ ಇವನು ಕಿತ್ಕೊಂಡು ಓಡಿಬಂದ."

ಎರಡು ತಿಂಗಳ ನನ್ನ ಕೈಯ ಕೆಲಸ, ಮೇಷ್ಟ್ರ ಬಾಳು, ಎಲ್ಲ ಬಚ್ಚಲಿಗೆ ಹೋಯಿತು ಅಂದುಕೊಂಡೆ. ಹಿಡಿದು ನೋಡಿದರೆ, ಏನು ಹೇಳಲಿ! ಅಗಸೆ ಎಣ್ಣೆ ಕುಡಿದು ಪಳಗಿದ ಮರ, ಒಂದು ಹನಿ ನೀರನ್ನು ಒಳಗೆ ಬಿಟ್ಟಿರಲಿಲ್ಲ. ಕೆಸುವಿನ ಎಲೆಯ ಮೇಲೆ ನಿಂತ ಹಾಗೆ ಹನಿಹನಿಯಾಗಿ ಮೇಲೆಯೇ ನಿಂತಿತ್ತು. ನನಗೆ ನನ್ನ ಕೈಯನ್ನೇ ಕಣ್ಣಿಗೊತ್ತಿಕೊಳ್ಳುವಷ್ಟು ಸಂತೋಷವಾಯಿತು. ಆದರೆ ಹರಳೆಣ್ಣೆಯ ಬುದ್ಧಿ ಬೇರೆ. ಅಗಸೆ ಎಣ್ಣೆ ಒಣಗುತ್ತೆ, ಹರಳೆಣ್ಣೆ ಜಪ್ಪಯ್ಯ ಅಂದರೂ ಒಣಗಲ್ಲ. ಮೂರು ಬಟ್ಟೆ ಮುಗಿಸಿದೆ, ಜಿಡ್ಡು ಪೂರ್ತಿ ಹೋಗಲಿಲ್ಲ. ಯಜಮಾನರು ತಂತಿ ಬಿಗಿಯುವ ಬಿರಡೆಗಳ ಸಂದಿಯಿಂದ ಸೀಗೆಪುಡಿ ಕೆದಕಿ ತೆಗೆಯುತ್ತಿದ್ದರು. ಅಷ್ಟರಲ್ಲಿ ಜಟಕಾ ಬಂದು ನಿಂತಿತು, ಮೇಷ್ಟ್ರ ತಂದೆ ತಾಯಿಯನ್ನೂ ಹತ್ತಿಸಿಕೊಂಡು ಹೊರಟೆವು.

ಹುಡುಗಿಯ ಮನೆಯಲ್ಲಿ ಅಜ್ಜಿ ಉಪ್ಪಿಟ್ಟು ತಂದಿಟ್ಟು ಒಳಗೆ ಹೋದರು. ತಾತ ಕುರ್ಚಿಯಲ್ಲಿ ಕೂತಿದ್ದರು. ಹುಡುಗಿ ತಲೆ ತಗ್ಗಿಸದೆ ಬಂದು, ಚಾಪೆಯ ಮೇಲೆ ಮೇಷ್ಟ್ರ ಎದುರಿಗೇ ಕೂತು, "ನುಡಿಸಿ" ಅಂದಳು. ಮೇಷ್ಟ್ರು ದೇವರಿಗೆ ಕೈ ಮುಗಿದು ಶುರು ಮಾಡಿದರು. ಹೆಬ್ಬೆರಳು ಇಟ್ಟ ಕಡೆ ನಿಲ್ಲಬೇಕಲ್ಲ? ಬೆವರಿನ ಜೊತೆ ಹರಳೆಣ್ಣೆಯೂ ಸೇರಿಕೊಂಡಿತು. ಕೈ ಮೇಲಿಂದ ಕೆಳಗೆ ಸುಂಯ್ ಅಂತ ಹೋಗುತ್ತೆ, ಕೆಳಗಿಂದ ಮೇಲಕ್ಕೆ ಎಳೆದುಕೊಂಡರೆ ಅಲ್ಲಿಯೂ ನಿಲ್ಲದೆ ವಾಪಸ್ಸು ಬರುತ್ತೆ. ಒಂದು ಸ್ವರ ಅಂತ ಇಲ್ಲ, ಬರೀ "ಯೋಂಯ್... ಯೋಂಯ್..." ನಾನು ಯಜಮಾನರ ಕೈ ಗಟ್ಟಿಯಾಗಿ ಹಿಡಿದುಕೊಂಡೆ. ಅವರು ಉಪ್ಪಿಟ್ಟಿನ ತಟ್ಟೆ ನೋಡುತ್ತಾ ಚಾಮುಂಡಿಯನ್ನು ಕರೆಯುತ್ತಿದ್ದರು.

ತಾತನವರು ವೀಣೆ ಕೇಳಿ ಬೆಳೆದ ಕಿವಿಯವರು. ಕಣ್ಣು ಮುಚ್ಚಿ ತಲೆ ಆಡಿಸುತ್ತಾ, "ಆಹಾ! ಏನು ಗಮಕ! ಈ ವಾದ್ಯದಲ್ಲೂ ಇಂಥಾ ಗಮಕ ಬರುತ್ತೆ ಅಂತ ನನಗೆ ಗೊತ್ತೇ ಇರಲಿಲ್ಲ" ಅಂದರು.

ನಮಗೆಲ್ಲ ಹೋದ ಜೀವ ಬಂದ ಹಾಗಾಯಿತು. ಸುಮ್ಮನಿದ್ದುಬಿಡಿ ಅಂತ ಯಜಮಾನರು ಹುಬ್ಬಿನಲ್ಲೇ ಸನ್ನೆ ಮಾಡಿದರು. ಆದರೆ ಮೇಷ್ಟ್ರಿಗೆ ತಪ್ಪು ಲೆಕ್ಕಕ್ಕೆ ಮಾರ್ಕು ತಗೊಂಡು ಅಭ್ಯಾಸವಿಲ್ಲ. ಗಿಟಾರು ಕೆಳಗಿಟ್ಟು, ಹುಡುಗಿಯನ್ನೇ ನೋಡುತ್ತಾ, "ಕ್ಷಮಿಸಿ. ಇದು ಗಮಕ ಅಲ್ಲ. ಕೈ ನಿಲ್ತಾ ಇಲ್ಲ. ಅಮ್ಮ ಮಧ್ಯಾಹ್ನ ಗಿಟಾರಿಗೆ ಎಣ್ಣೆ ನೀರು ಹಾಕಿದರು" ಅಂದುಬಿಟ್ಟರು.

ಹೋಯಿತು, ಇದೂ ಹೋಯಿತು ಅಂತ ನಾನು ಸೆರಗಿನಲ್ಲಿ ಮುಖ ಒರೆಸಿಕೊಂಡೆ. ಆ ಹುಡುಗಿ ನಗಲಿಲ್ಲ. ಗಿಟಾರು ಎತ್ತಿ ತೊಡೆಯ ಮೇಲಿಟ್ಟುಕೊಂಡಳು. ಕತ್ತಿನ ಹಿಂದೆ ಬೆರಳಾಡಿಸಿದಳು, ಬೆರಳಿಗೆ ಬೆರಳು ತಿಕ್ಕಿದಳು, ಮೂಸಿದಳು. ಆಮೇಲೆ ಮೇಷ್ಟ್ರನ್ನು ಬಿಟ್ಟು ಅವರ ತಾಯಿಯ ಕಡೆ ತಿರುಗಿ, ಕ್ಲಾಸಿನಲ್ಲಿ ಕೇಳುವ ಗತ್ತಿನಲ್ಲೇ ಕೇಳಿದಳು:

"ಹರಳೆಣ್ಣೆ ಜಿಡ್ಡು ಒಂದು ಸಲ ಸೀಗೆಪುಡಿ ಹಾಕಿದರೆ ಹೋಗುತ್ತಾ ಅತ್ತೆ?"

ಯಜಮಾನರ ಬಾಯಿಗೆ ಹೋಗುತ್ತಿದ್ದ ಉಪ್ಪಿಟ್ಟು ಅರ್ಧದಲ್ಲೇ ನಿಂತಿತು. ತಾತ ಕಣ್ಣು ಬಿಟ್ಟರು. ಮೇಷ್ಟ್ರ ಮುಖ ಕಿವಿಯ ತುದಿಯ ತನಕ ಕೆಂಪೇರಿತು. ಇನ್ನೂ ಒಪ್ಪಿಗೆಯಿಲ್ಲ, ಮಾತುಕತೆಯಿಲ್ಲ, ಹುಡುಗಿ ಅತ್ತೆ ಅಂದುಬಿಟ್ಟಿದ್ದಾಳೆ! ಅದು ಎಲ್ಲರ ಕಿವಿಗೂ ಬಿತ್ತು, ಒಬ್ಬರನ್ನು ಬಿಟ್ಟು.

ಆ ಒಬ್ಬರು ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಎದ್ದೇ ನಿಂತರು. "ಒಂದು ಸಲವಾ? ಎರಡು ಸಲ ಹಾಕಿದೀನಿ ಕಣಮ್ಮ! ಕೈ ಸೋಲೋ ತನಕ ತಿಕ್ಕಿದೀನಿ. ಅಷ್ಟು ಗೊತ್ತಿದ್ದರೆ ನೀನೇ ಬಂದು ತಿಕ್ಕು, ನೋಡೋಣ!"

"ಬರ್ತೀನಿ ಬಿಡಿ. ಬಂದ ಮೇಲೆ ಹರಳೆಣ್ಣೆ ಸೀಸೆ ಎಲ್ಲಿರಬೇಕೋ ಅಲ್ಲಿ ಇಡ್ತೀನಿ."

"ಎಲ್ಲಿ ಇಡ್ತೀಯೆ? ನನ್ನ ಅಡಿಗೆಮನೆಯಲ್ಲಿ ನನ್ನ ಸೀಸೆ..."

ತಾತ ಮೇಲುವಸ್ತ್ರ ಸರಿಮಾಡಿಕೊಂಡು, ಒಳಗಿದ್ದ ಅಜ್ಜಿಯನ್ನು ಕೂಗಿದರು:

"ಲೇ, ತಾಂಬೂಲದ ತಟ್ಟೆ ಬೇಗ ತಾರೇ! ನಾವಿನ್ನೂ ಮದುವೆ ಮಾತೇ ಎತ್ತಿಲ್ಲ, ಇಲ್ಲಿ ಆಗಲೇ ಅತ್ತೆ ಸೊಸೆ ಜಗಳ ಶುರುವಾಗೋಯ್ತು!"